ಸರಪಳಿಯಿದ್ದ ನೀರಿನ ಮೇಲೆ

ಸಿಸಿಲಿಗೂ ಆಫ್ರಿಕೆಗೂ ನಡುವಿನ ಪುಟ್ಟ ದ್ವೀಪ ಮಾಲ್ಟಾ. ಅದರ ರಾಜಧಾನಿ ವ್ಯಾಲೆಟ್ಟಾ ಕಡಿದಾದ ಗುಡ್ಡದ ನೆತ್ತಿಯ ಮೇಲಿದೆ. ಬರಕ್ಕಾ ಉದ್ಯಾನದಿಂದ ಲಿಫ್ಟಿನಲ್ಲಿ 58 ಮೀಟರು ಕೆಳಗಿಳಿದರೆ ಬಂದರು. ಅಲ್ಲಿಂದ ಎದುರುದಡದ ಬೊರ್ಮ್ಲಾ ಊರಿಗೆ ಫೆರಿ ದೋಣಿ. ಎಲೆಯಡಿಕೆ ಮೆಲ್ಲುವಷ್ಟರಲ್ಲಿ ಮುಗಿಯುವ ಪ್ರಯಾಣ.

ನಡುನೀರು ದಾಟಿದೊಡನೆ ಎಡಕ್ಕೆ ಸಂತ ಆಂಜೆಲೊ ಕೋಟೆ, ಬಲಕ್ಕೆ ಸೆಂಗ್ಲಿಯಾ ಪಟ್ಟಣ. ಇವೆರಡರ ನಡುವಿನ ಇಕ್ಕಟ್ಟಾದ ನೀರಿಗೆ 1565ರಲ್ಲಿ ಕಬ್ಬಿಣದ ಸರಪಳಿ ಬಿಗಿದಿತ್ತು. ತುರ್ಕರ ನೌಕೆಗಳು ಒಳನುಗ್ಗದಂತೆ ಸಂತ ಜಾನರ ಪಂಗಡದ ವೀರರು ಹೂಡಿದ ಉಪಾಯವದು. ಬಂದರಿನ ಬಾಗಿಲಲ್ಲಿದ್ದ ಸಂತ ಎಲ್ಮೊ ಕೋಟೆ ಜೂನ್ 23ರಂದು ಬಿದ್ದಿತು. ಸರಪಳಿಯ ಒಳಗಣ ಊರುಗಳು ಸೆಪ್ಟೆಂಬರಿನಲ್ಲಿ ಮುತ್ತಿಗೆ ಏಳುವವರೆಗೂ ತಾಳಿಕೊಂಡವು. ವ್ಯಾಲೆಟ್ಟಾ ನಗರ ಆಗ ಇರಲೇ ಇಲ್ಲ. ಗೆದ್ದವರು ಮರುವರ್ಷ ಅದಕ್ಕೆ ಅಸ್ತಿಭಾರವಿಟ್ಟರು.

ಎರಡನೆಯ ಮಹಾಯುದ್ಧದ ಶತ್ರು ಆಕಾಶದಿಂದ ಬಂದನು, ಅವನಿಗೆ ಸರಪಳಿಯೆಲ್ಲಿಯದು? 1942ರ ಬೇಸಗೆಯಲ್ಲಿ ದ್ವೀಪದ ಹಿಟ್ಟು, ಎಣ್ಣೆ ಎರಡೂ ತಳಕಂಡಿದ್ದವು. ನೆರವಿಗೆ ಹೊರಟ 14 ಸರಕು ಹಡಗುಗಳಲ್ಲಿ ದಡ ಸೇರಿದವು ಐದೇ. ಕಡೆಯದು ‘ಒಹಾಯೊ’ ಎಂಬ ಎಣ್ಣೆಹಡಗು. ಯಂತ್ರ ನಿಂತು, ಒಡಲು ಒಡೆದು ಮುಳುಗುತ್ತಿದ್ದ ಅದನ್ನು ಎರಡು ಯುದ್ಧನೌಕೆಗಳು ಇಕ್ಕೆಲಗಳಲ್ಲಿ ಬಿಗಿದುಕೊಂಡು, ರೋಗಿಯನ್ನು ತೋಳುಹಿಡಿದು ನಡೆಸುವಂತೆ, ಆಗಸ್ಟ್ 15ರಂದು ಈ ಬಂದರಿಗೆ ಕರೆತಂದವು. ಅಂದು ಕನ್ಯಾಮರಿಯಮ್ಮನ ಹಬ್ಬ. ಕೋಟೆಗೋಡೆಗಳ ಮೇಲೆ ಜನ ಕಿಕ್ಕಿರಿದಿದ್ದರು. ಮಾಲ್ಟಾದವರ ಬಾಯಲ್ಲಿ ಆ ಹಡಗುಗಳ ಸಾಲಿಗೆ ಇಂದಿಗೂ ಹಬ್ಬದ ಹೆಸರೇ, ‘ಸಾಂತಾ ಮರೀಯಾ’.

ಸರಪಳಿಯಿದ್ದ ಗೆರೆಯನ್ನು ಫೆರಿ ಈಗ ಸದ್ದಿಲ್ಲದೆ ದಾಟುತ್ತದೆ. ಸಂತೆಯ ಚೀಲ ಹಿಡಿದ ಗೃಹಿಣಿಯರು ಮಾತು ನಿಲ್ಲಿಸುವುದಿಲ್ಲ. ಬೊರ್ಮ್ಲಾದ ಕಟ್ಟೆಗೆ ಹಗ್ಗ ಬೀಳುತ್ತದೆ. ಮಕ್ಕಳು ಎಲ್ಲರಿಗಿಂತ ಮೊದಲು ಇಳಿದು ಓಡುತ್ತಾರೆ.