ಟಿಕೆಟ್ ಕೊಡೋ ಮುಂಚೆ ಯಾರನ್ನ ಕೇಳ್ತಾರೆ?

ನಮ್ ಕಡೆ ಹೆಣ್ಣು ಕೊಡೋ ಮುಂಚೆ ಗಂಡಿನ ಗುಣ ಹೆಂಗೆ ಅಂತ ಗಂಡನ್ನೇ ಕೇಳ್ತೀವಾ? ಇಲ್ಲ. ಅಕ್ಕಪಕ್ಕದೋರ್ನ, ಆ ಮನೆ ಕೆಲಸಕ್ಕೆ ಹೋಗೋ ಹೆಂಗಸರ್ನ ಕೇಳ್ತೀವಿ. ಹೊಲ ಎಷ್ಟೈತೆ, ರೇಷ್ಮೆ ಗೂಡಲ್ಲಿ ಎಷ್ಟು ಬರುತ್ತೆ ಅನ್ನೋದು ಆಮೇಲಿನ ಮಾತು. ಓಟಿನ ವಿಚಾರದಲ್ಲಿ ಮಾತ್ರ ಉಲ್ಟಾ ಕಣ್ರವ್ವ.

ಚುನಾವಣೆಗೆ ನಿಲ್ಲೋರು ನಾಮಪತ್ರದ ಜತೆ ಅಫಿಡವಿಟ್ ಕೊಡ್ಬೇಕು. 2002ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ ಮೇಲೆ ಬಂದ ಪದ್ಧತಿ. ಒಡವೆ, ಸೈಟು, ಸಾಲ ಎಲ್ಲಾ ಬರೀಬೇಕು. ಕೇಸಿದ್ರೆ ಅದನ್ನೂ ಬರೀಬೇಕು, 2018ರ ತೀರ್ಪಿನಂಗೆ ಪೇಪರಲ್ಲೂ ಹಾಕಿಸ್ಬೇಕು. ಹೆದರ್ಕೊಂಡು ಯಾರೂ ದೂರೇ ಕೊಡದಿದ್ರೆ?

ಹಾಸನದ್ದೇ ನೋಡಿ. ಆಸ್ತಿ ಸರಿಯಾಗಿ ತೋರಿಸ್ಲಿಲ್ಲ ಅಂತ ಪ್ರಜ್ವಲ್ ರೇವಣ್ಣ ಅವರ 2019ರ ಗೆಲುವನ್ನ ಹೈಕೋರ್ಟು 2023ರಲ್ಲಿ ಅಸಿಂಧು ಅಂತು. ಸುಪ್ರೀಂ ಕೋರ್ಟು ತಡೆ ಕೊಡ್ತು, ಅವರು ಮತ್ತೆ ನಿಂತ್ರು. 2024ರ ಏಪ್ರಿಲ್ 26ಕ್ಕೆ ಓಟು ಮುಗೀತು, 28ಕ್ಕೆ ಮೊದಲ್ನೇ ದೂರು ದಾಖಲಾಯ್ತು. ಮನೆಕೆಲಸದ ಹೆಂಗಸಿನ ಮೇಲೆ ಅತ್ಯಾಚಾರ ಮಾಡಿದ ಕೇಸಲ್ಲಿ 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋರ್ಟು ಜೀವಾವಧಿ ಶಿಕ್ಷೆ ಕೊಡ್ತು. ಅವರು ಹೈಕೋರ್ಟಿಗೆ ಮೇಲ್ಮನವಿ ಹಾಕವ್ರೆ. ಆ ಕೃತ್ಯ ನಡೆದಿದ್ದು 2021ರಲ್ಲಿ. ಅಂದ್ರೆ ಸೈಟಿನ ಲೆಕ್ಕ ಕೋರ್ಟು ಹತ್ತಿತ್ತು, ಆ ತಾಯಿ ಕಣ್ಣೀರು ಯಾವ ಫಾರಂನಲ್ಲೂ ಇರಲಿಲ್ಲ.

"ತನ್ನ ತಪ್ಪ ತಾನೇ ಯಾರು ಬರ್ಕಂತಾರೆ?" ಅಂತೀರಿ. ನಿಜ. ಆರೋಪಿಗೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಬಲವಂತ ಮಾಡಂಗಿಲ್ಲ ಅಂತ ಸಂವಿಧಾನದಲ್ಲೇ ಐತೆ. ಅದ್ಕೇ ನಾನು ಹೇಳೋದು, ಟಿಕೆಟ್ ಕೊಡೋ ಪಕ್ಷವೇ ವಿಚಾರಿಸ್ಬೇಕು. ಸಂಬಂಧ ತಂದೋರು ತಾನೇ ಜವಾಬ್ದಾರಿ ಹೊರೋದು? ಕೇಸಿದ್ದೋರಿಗೆ ಯಾಕೆ ಟಿಕೆಟ್ ಕೊಟ್ರಿ ಅಂತ ಪಕ್ಷ ಕಾರಣ ಹೇಳ್ಬೇಕು ಅಂತ 2020ರಲ್ಲೇ ಸುಪ್ರೀಂ ಕೋರ್ಟು ಅಂದೈತೆ. ಕೇಸು ಇಲ್ದೋರ್ದೂ ವಿಚಾರಿಸಿದ್ರೆ ಏನು ನಷ್ಟ? ಹಾಸನದಲ್ಲಿ ವಿಡಿಯೋಗಳ ವಿಷ್ಯ ಓಟಿಗೆ ಮುಂಚೇನೇ ಪಕ್ಷಕ್ಕೆ ಪತ್ರ ಬರೆದು ತಿಳಿಸಿದ್ದೆ ಅಂತ ಅಲ್ಲಿನ ಬಿಜೆಪಿ ನಾಯಕರೊಬ್ರು ಆಮೇಲೆ ಹೇಳಿದ್ರಲ್ಲ.

ಹಂಗಂತ ಎಲ್ಲಾ ಕೆದಕೋದು ಬೇಡ. ಪ್ರೀತಿ ಮಾಡಿದ್ದು, ಮದುವೆ ಮುರಿದಿದ್ದು, ಒಂದ್ ಕಾಲಕ್ಕೆ ಕುಡೀತಿದ್ದು ಬಿಟ್ಟಿದ್ದು ಅವರವರ ಮನೆ ಮಾತು. ಕೈಕೆಳಗಿನೋರ ಮೇಲೆ ದರ್ಪ ತೋರ್ಸಿದ್ದು, ಬಾಯಿ ಮುಚ್ಚಿಸಿದ್ದು ಮಾತ್ರ ನಮ್ ಮಾತು. ಯಾಕಂದ್ರೆ ನಾವು ಓಟಲ್ಲಿ ಕೊಡೋದೂ ಅಧಿಕಾರವನ್ನೇ. ನೊಂದೋಳ ಹೆಸರು ಮಾತ್ರ ಎಲ್ಲೂ ಬರಬಾರ್ದು.

ರಾಮನಗರ, ಚನ್ನಪಟ್ಣ, ಕನಕಪುರ, ಮಾಗಡಿ, ಯಾವ ಊರಿಗೇ ಓಟು ಕೇಳಕ್ಕೆ ಬರಲಿ, ಯಾವ ಪಕ್ಷದೋರೇ ಬರಲಿ, ಅರಿಶಿನ ಕುಂಕುಮ ತಗೊಳ್ಳಿ, ಆಮೇಲೆ ಒಂದೇ ಮಾತು ಕೇಳಿ: "ಇವರ ಮನೆ ಕೆಲಸದೋರ್ನ ವಿಚಾರಿಸಿದ್ರಾ?"