ಹೆಸರಿಡುವುದೂ ಒಂದು ರಕ್ಷಣೆ

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿದ್ದಾಗ ಮುಂಗಾರಿನ ರಾತ್ರಿ ಹೊಂಡದ ಕಡೆಯಿಂದ ಬರುತ್ತಿದ್ದ ದನಿಯೆಲ್ಲವೂ ನಮ್ಮ ಪಾಲಿಗೆ ಬರಿಯ ‘ಕಪ್ಪೆ’ಯ ದನಿ. ಅದರಲ್ಲಿ ಎಷ್ಟು ಬಗೆಯೆಂದು ನಾವು ಕೇಳಲೂ ಇಲ್ಲ. ಪ್ರಾಣಿಶಾಸ್ತ್ರ ಓದುತ್ತಿರುವ ತಮ್ಮನ ಮಗಳು ಈಚೆಗೆ ಹೇಳಿದ ಸಂಗತಿಯೊಂದು ಆ ಅಲಕ್ಷ್ಯವನ್ನು ನೆನಪಿಗೆ ತಂದಿತು.

ಪೂರ್ವ ಆಫ್ರಿಕೆಯ ಟಾಂಜಾನಿಯದ ಪರ್ವತಾರಣ್ಯಗಳಲ್ಲಿ, ನೀರಿನಲ್ಲಿ ಗೊದಮೊಟ್ಟೆಯಾಗಿ ಬೆಳೆಯದೆ ತಾಯಿಯ ಉದರದಿಂದಲೇ ಮರಿಯಾಗಿ ಜನಿಸುವ ನೆಲಗಪ್ಪೆಗಳಿವೆ. ಜರ್ಮನಿಯ ವಿದ್ವಾಂಸ ಟೋರ್ನಿಯರ್ 1905ರಲ್ಲಿ ಇಟ್ಟ ಒಂದೇ ಹೆಸರಿನಿಂದ ಹಲವು ಬೆಟ್ಟಗಳ ಕಪ್ಪೆಗಳನ್ನು ಶತಮಾನಕ್ಕೂ ಹೆಚ್ಚು ಕಾಲ ಕರೆಯಲಾಗುತ್ತಿತ್ತು. ದೇಹದ ಲಕ್ಷಣಗಳನ್ನೂ, ವಸ್ತುಸಂಗ್ರಹಾಲಯಗಳ ಹಳೆಯ ಮಾದರಿಗಳಿಂದ ಪಡೆದ ಡಿ.ಎನ್.ಎ.ಯನ್ನೂ ಹೋಲಿಸಿದ ವಿಜ್ಞಾನಿಗಳು, ಅವುಗಳಲ್ಲಿ ಮೂರು ಹೊಸ ಪ್ರಭೇದಗಳಿವೆಯೆಂದು 2025ರಲ್ಲಿ ಪ್ರಕಟಿಸಿದರು.

“ಹೆಸರು ಬೇರೆಯಾದರೆ ಕಪ್ಪೆಗೇನು ಲಾಭವಮ್ಮಾ?” ಎಂದೆ.

“ದೊಡ್ಡಪ್ಪಾ, ಎಲ್ಲ ಬೆಟ್ಟಗಳಲ್ಲೂ ಇದೆಯೆಂದು ನಿಶ್ಚಿಂತರಾಗಿದ್ದ ಜೀವಿ ಒಂದೇ ಬೆಟ್ಟದ್ದೆಂದು ತಿಳಿದರೆ, ಅಲ್ಲಿಯ ಕಾಡನ್ನು ಕಡಿಯುವ ಕೈ ಒಮ್ಮೆ ತಡೆಯಬೇಕಲ್ಲವೇ?” ಎಂದಳು.

ಅದೇ ನಾಡಿನ ಕಿಹಾನ್ಸಿ ಜಲಪಾತದ ಕಥೆಯನ್ನೂ ಅವಳೇ ಹೇಳಿದಳು. ಜಲಪಾತದ ತುಂತುರಿನಲ್ಲಿಯೇ ಬಾಳುವ, ಮೂರು ಸೆಂಟಿಮೀಟರ್ ಮೀರದ ಹಳದಿ ಕಪ್ಪೆಯೊಂದು 1996ರಲ್ಲಿ ಕಣ್ಣಿಗೆ ಬಿದ್ದಿತು. ಆ ವೇಳೆಗೆ ಅಲ್ಲಿ ವಿದ್ಯುತ್ ಯೋಜನೆಯ ಕೆಲಸ ಸಾಗಿತ್ತು. ನದಿಯ ಬಹುಪಾಲು ನೀರು ವಿದ್ಯುದಾಗಾರಕ್ಕೆ ತಿರುಗಿದ ಮೇಲೆ ತುಂತುರು ಕ್ಷೀಣಿಸಿತು. ಮುಂದೆ ರೋಗವೂ ಬಂದೆರಗಿತು. 2009ರಲ್ಲಿ ಆ ಪ್ರಭೇದ ತನ್ನ ನೆಲೆಯಿಂದ ಅಳಿದುಹೋಯಿತೆಂದು ಘೋಷಿಸಲಾಯಿತು. ಆದರೆ ಅದು ಬೇರೆಲ್ಲಿಯೂ ಇಲ್ಲದ ಜೀವಿಯೆಂದು ಗುರುತಿಸಿದ್ದರಿಂದಲೇ, 2000ದಲ್ಲಿ ಸುಮಾರು 500 ಕಪ್ಪೆಗಳನ್ನು ಅಮೆರಿಕದ ಮೃಗಾಲಯಕ್ಕೆ ಒಯ್ದು ಸಾಕಿದ್ದರು. ಅವುಗಳ ಸಂತತಿಯನ್ನು 2012ರಲ್ಲಿ ಅದೇ ಕಣಿವೆಗೆ ಮರಳಿ ಬಿಡಲಾಯಿತು.

ಇದನ್ನು ಕೇಳುತ್ತಿದ್ದಂತೆ ನನ್ನದೇ ಅಪರಾಧವೊಂದು ಮನಸ್ಸನ್ನು ಚುಚ್ಚಿತು. ಮೂವತ್ತು ವರ್ಷಗಳ ಹಿಂದೆ ತಾಡವಾಲೆಗಳ ಸೂಚಿ ಸಿದ್ಧಪಡಿಸುವಾಗ, ಕಟ್ಟೊಂದರ ಮೊದಲ ಗರಿಯನ್ನಷ್ಟೇ ನೋಡಿ ‘ತಿಳಿದ ಕೃತಿಯ ಮತ್ತೊಂದು ಪ್ರತಿ’ ಎಂದು ಬರೆದಿಟ್ಟೆ. ಬೇರೆ ಪ್ರತಿಗಳಿದ್ದುದರಿಂದ ಅದರತ್ತ ಯಾರ ಲಕ್ಷ್ಯವೂ ಹೋಗಲಿಲ್ಲ. ಕೆಲವು ವರ್ಷಗಳ ಮೇಲೆ ಬಿಚ್ಚಿದಾಗ, ಗೆದ್ದಲು ತಿಂದು ಉಳಿದ ಏಳು ಗರಿಗಳಲ್ಲಿದ್ದುದು ಬೇರೊಂದೇ ಕೃತಿ! ಅದರ ಹೆಸರಾಗಲಿ, ಕವಿಯ ಹೆಸರಾಗಲಿ ಇಂದಿಗೂ ನನಗೆ ತಿಳಿಯದು. ಒಂದು ಸಾಲಿನ ಅವಸರದ ಬರಹದಿಂದ ಒಬ್ಬ ಕವಿಯ ಬಾಳಿನ ದುಡಿಮೆ ಮಣ್ಣಾಯಿತು.

ಓಲೆಯಾಗಲಿ ಜೀವಿಯಾಗಲಿ, ಸರಿಯಾಗಿ ಗುರುತಿಸದಿದ್ದರೆ ಅದು ಕಳೆದುಹೋದುದೂ ತಿಳಿಯುವುದಿಲ್ಲ. ಹೆಸರಿಟ್ಟ ಮಾತ್ರಕ್ಕೆ ಜೀವ ಉಳಿಯದು, ನಿಜ. ಆದರೆ ಉಳಿಸುವ ಕಾರ್ಯ ಅಲ್ಲಿಂದಲೇ ಆರಂಭವಾಗಬೇಕು.

ಓದುಗ ಬಂಧುಗಳೇ, ಈ ಮಳೆಗಾಲದಲ್ಲಿ ಹಿತ್ತಲಿಗೆ ಬಂದ ನೆಲಗಪ್ಪೆಯನ್ನು ಕಸಬರಿಗೆಯಿಂದ ನೂಕುವ ಮುನ್ನ ಮಕ್ಕಳನ್ನು ಕರೆದು ತೋರಿಸಿರಿ. “ಇದು ಯಾವ ಕಪ್ಪೆ?” ಎಂದು ಅವರು ಕೇಳಿದರೆ, “ಕಪ್ಪೆ, ಅಷ್ಟೇ” ಎಂದು ಮಾತ್ರ ಹೇಳಬೇಡಿರಿ.