ಬೆರಳಿಗೆ ಮಣಿದ ಟಚ್‌ಪ್ಯಾಡ್

2007ರ ಮಳೆಗಾಲ. ಮೈಸೂರಿನ ನಮ್ಮ ರಿಪೇರಿ ಅಂಗಡಿಗೆ ನಿವೃತ್ತ ಮೇಷ್ಟ್ರೊಬ್ಬರು ಬಟ್ಟೆಯ ಚೀಲದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬಂದರು. ಅದಕ್ಕೆ ಉಬುಂಟು ಎಂಬ ಲಿನಕ್ಸ್ ಹಾಕಿಕೊಟ್ಟವನು ನಾನೇ. ಆಗ ಅದರ ಸಿ.ಡಿ. ಅಂಚೆಯಲ್ಲಿ ಪುಕ್ಕಟೆಯಾಗಿ ಬರುತ್ತಿತ್ತು. ಮೇಷ್ಟ್ರು ತಮ್ಮ ಊರಿನ ಕಥೆಯನ್ನು ಕನ್ನಡದಲ್ಲಿ ಟೈಪ್ ಮಾಡುತ್ತಿದ್ದರು.

“ನೋಡಪ್ಪ, ಒತ್ತಕ್ಷರ ಹಾಕೋ ಹೊತ್ತಿಗೆ ಕರ್ಸರ್ ಎಲ್ಲಿಗೋ ಹಾರುತ್ತೆ. ಇಲ್ಲಿರಬೇಕಾದ ಒತ್ತು ಮೂರು ಸಾಲು ಮೇಲೆ ಹೋಗಿ ಬಿದ್ದಿರುತ್ತೆ. ನಾನಾಗಿ ಬೆರಳಿಟ್ಟರೆ ಮಾತ್ರ ಬಾಣ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ” ಅಂದರು.

ಅವರು ಹೇಳಿದ್ದು ಎರಡು ಬೇರೆ ಬೇರೆ ತೊಂದರೆ. ಟೈಪ್ ಮಾಡುವಾಗ ಅಂಗೈಯ ಬುಡ ಟಚ್‌ಪ್ಯಾಡಿಗೆ ತಾಗುತ್ತಿತ್ತು. ಯಂತ್ರ ಅದನ್ನು ಕ್ಲಿಕ್ ಎಂದುಕೊಳ್ಳುತ್ತಿತ್ತು. ಇನ್ನೊಂದು, ವಯಸ್ಸಾದ ಬೆರಳಿನ ಹಗುರ ಸ್ಪರ್ಶ. ಅದನ್ನು ಯಂತ್ರ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.

ಆ ಕಾಲದಲ್ಲಿ ಲಿನಕ್ಸಿನಲ್ಲಿ ಇಂಥದ್ದನ್ನು ಸರಿಮಾಡುವುದೆಂದರೆ ಎಕ್ಸ್‌ಆರ್ಗ್.ಕಾನ್ಫ್ ಎಂಬ ಫೈಲಿಗೆ ಕೈಹಾಕುವುದು. ಪರದೆ, ಕೀಬೋರ್ಡ್, ಮೌಸ್ ಎಲ್ಲದರ ವಿವರ ಆ ಒಂದೇ ಫೈಲಿನಲ್ಲಿ. ಟಚ್‌ಪ್ಯಾಡಿನ ಭಾಗದಲ್ಲಿ ಸಿನಾಪ್ಟಿಕ್ಸ್ ಡ್ರೈವರ್ ಎಂದು ಬರೆದು, ಅದರ ಕೆಳಗೆ ಒಂದೊಂದು ಆಯ್ಕೆಯನ್ನೂ ಉದ್ಧರಣ ಚಿಹ್ನೆಯೊಳಗೆ ಸೇರಿಸಬೇಕಿತ್ತು. ಒಂದು ಚಿಹ್ನೆ ಬಿಟ್ಟುಹೋದರೂ ಮುಂದಿನ ಸಲ ಡೆಸ್ಕ್‌ಟಾಪ್ ಏಳುತ್ತಿರಲಿಲ್ಲ; ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಷ್ಟೇ. ಅಂಗಡಿಗೆ ಸೇರಿದ ಹುಡುಗರಿಗೆ ನಾನು ಕಲಿಸುತ್ತಿದ್ದ ಮೊದಲ ಪಾಠವೇ ಇದು: ಫೈಲನ್ನು ಮುಟ್ಟುವ ಮುಂಚೆ ಅದರ ನಕಲು ತೆಗೆದಿಟ್ಟುಕೋ.

ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಟರ್ಮಿನಲ್‌ನಲ್ಲಿ ಸಿನ್‌ಕ್ಲೈಂಟ್ ಎಂಬ ಪುಟ್ಟ ಪ್ರೋಗ್ರಾಮನ್ನು ಓಡಿಸಿದೆ. ಬೆರಳು ಎಲ್ಲಿದೆ, ಎಷ್ಟು ಒತ್ತಿದೆ ಎಂಬುದನ್ನು ಅದು ಅಂಕಿಗಳಲ್ಲಿ ತೋರಿಸುತ್ತಿತ್ತು. ಝಡ್ ಎಂಬ ಕಂಬಸಾಲಿನಲ್ಲಿರುವುದು ಒತ್ತಡ. ನನ್ನ ಬೆರಳಿಟ್ಟರೆ ಅಂಕಿ 50, 60 ಎಂದು ಏರಿತು. ಮೇಷ್ಟ್ರು ಬೆರಳಿಟ್ಟರೆ 25ರ ಆಸುಪಾಸಿನಲ್ಲೇ ನಿಂತಿತು. ಒತ್ತಡ 30 ದಾಟಿದರೆ ಮಾತ್ರ ಬೆರಳು ಎಂದು ತಿಳಿ, 25ಕ್ಕಿಂತ ಇಳಿದರೆ ಬೆರಳು ಎತ್ತಿದರು ಎಂದು ತಿಳಿ — ಡ್ರೈವರಿಗೆ ಇದ್ದ ಅಪ್ಪಣೆ ಅದು. 30 ಇದ್ದದ್ದನ್ನು 20 ಮಾಡಿದೆ, 25 ಇದ್ದದ್ದನ್ನು 15ಕ್ಕೆ ಇಳಿಸಿದೆ. ಬಾಣ ಅವರ ಬೆರಳಿನ ಹಿಂದೆಯೇ ಹೊರಟಿತು.

ಅಂಗೈಯ ತೊಂದರೆಗೆ ಸಿನ್‌ಡೀಮನ್ ಎಂಬ ಇನ್ನೊಂದು ಪ್ರೋಗ್ರಾಮ್ ಇತ್ತು. ಕೀಲಿ ಒತ್ತಿದ ಮೇಲೆ ನಾವು ಹೇಳಿದಷ್ಟು ಹೊತ್ತು ಅದು ಟಚ್‌ಪ್ಯಾಡನ್ನು ಸುಮ್ಮನಿರಿಸುತ್ತಿತ್ತು. ಒಂದು ಸೆಕೆಂಡ್ ಎಂದು ಇಟ್ಟೆ. ಮೇಷ್ಟ್ರು ಅಲ್ಲೇ ಕೂತು ಅರ್ಧ ಪುಟ ಟೈಪ್ ಮಾಡಿದರು. ಒತ್ತುಗಳೆಲ್ಲ ತಮ್ಮ ತಮ್ಮ ಅಕ್ಷರದ ಕೆಳಗೇ ಕೂತಿದ್ದವು. ದರ್ಜಿ ಅಳತೆ ತೆಗೆದು ಅಂಗಿ ಹೊಲಿದಂಥ ಕೆಲಸ ಅದು. ಅವತ್ತಿನ ತೃಪ್ತಿ ನನಗೆ ಇವತ್ತಿಗೂ ನೆನಪಿದೆ.

ಆದರೆ ಆ ಅಂಗಿ ಹೆಚ್ಚು ದಿನ ಬಾಳಲಿಲ್ಲ. 2008ರ ಹೊತ್ತಿಗೆ ಇಂಥ ವಿವರಗಳೆಲ್ಲ ಹ್ಯಾಲ್ ಎಂಬ ಹೊಸ ವ್ಯವಸ್ಥೆಗೆ ಹೋದವು. ಹಳೆಯ ಫೈಲಿನಲ್ಲಿ ಬರೆದದ್ದನ್ನು ಬೇರೆಯದೇ ಬರಹದಲ್ಲಿ, ಬೇರೆ ಜಾಗದಲ್ಲಿ ಮತ್ತೆ ಬರೆಯಬೇಕಾಯಿತು. 2010ರಲ್ಲಿ ಪರದೆ, ಕೀಬೋರ್ಡ್, ಮೌಸ್ ಎಲ್ಲವನ್ನೂ ನಡೆಸುವ ಎಕ್ಸ್ ಸರ್ವರಿನ 1.8ನೇ ಆವೃತ್ತಿ ಬಂದು ಅದನ್ನೂ ಕೈಬಿಟ್ಟಿತು. ಗಿರಾಕಿ ಉಬುಂಟುವಿನ ಹೊಸ ಆವೃತ್ತಿಗೆ ಹೋದಾಗೆಲ್ಲ ನಾವು ಕೂರಿಸಿದ್ದ ಅಂಕಿಗಳು ಅಳಿಸಿಹೋಗುತ್ತಿದ್ದವು. ನಮ್ಮ ಅಂಗಡಿಯಲ್ಲಿ ಕಂಡುಕೊಂಡದ್ದು ಆ ಒಂದು ಯಂತ್ರಕ್ಕಷ್ಟೇ. ಅದೇ ಮಾದರಿಯ ಲ್ಯಾಪ್‌ಟಾಪ್ ಹುಬ್ಬಳ್ಳಿಯಲ್ಲಿ ಕೆಟ್ಟರೆ ಅಲ್ಲಿಯವರು ಮತ್ತೆ ಮೊದಲಿಂದ ಹುಡುಕಬೇಕಿತ್ತು.

ದೊಡ್ಡ ಬದಲಾವಣೆ ಬಂದದ್ದು ಲಿಬ್‌ಇನ್‌ಪುಟ್‌ನಿಂದ. ಎಕ್ಸ್ ಸರ್ವರಿನ ಬದಲಿಗೆ ರೂಪುಗೊಂಡ ವೇಲ್ಯಾಂಡ್‌ಗಾಗಿ ನಡೆದ ಕೆಲಸದಿಂದ 2014ರಲ್ಲಿ ಅದು ಬೇರೆ ಲೈಬ್ರರಿಯಾಗಿ ನಿಂತಿತು. ಯೋನಾಸ್ ಓಡಾಲ್, ಪೀಟರ್ ಹಟರರ್, ಇವರ ಜೊತೆ ಇನ್ನೂ ಕೆಲವರು ಅದನ್ನು ಕಟ್ಟಿದರು. ಅಂಗೈಯನ್ನು ಗುರುತಿಸುವುದು, ಟೈಪ್ ಮಾಡುವಾಗ ಟಚ್‌ಪ್ಯಾಡನ್ನು ತಡೆಹಿಡಿಯುವುದು ಅದರೊಳಗೇ ಸೇರಿಕೊಂಡವು. ನಾವು ಅರ್ಧ ದಿನ ಹೆಣಗುತ್ತಿದ್ದದ್ದು ಸೆಟ್ಟಿಂಗ್ಸ್‌ನ ಒಂದು ಸ್ವಿಚ್ ಆಯಿತು.

ಕಳೆದುಕೊಂಡದ್ದೂ ಇದೆ. ಬೆರಳನ್ನು ವೃತ್ತಾಕಾರದಲ್ಲಿ ಸುತ್ತಿಸಿ ಪುಟ ಸರಿಸುವ ಸೌಲಭ್ಯ ಹಳೆಯ ಡ್ರೈವರಿನಲ್ಲಿತ್ತು, ಇದರಲ್ಲಿಲ್ಲ. ಹತ್ತಾರು ಆಯ್ಕೆಗಳು ಹೋಗಿ ಕೆಲವೇ ಉಳಿದವು. ಮೊದಮೊದಲು ನನಗೆ ಸಿಟ್ಟು ಬಂದಿತ್ತು. ಆಮೇಲೆ ಅದರ ಕ್ವಿರ್ಕ್ಸ್ ಫೈಲುಗಳನ್ನು ತೆರೆದು ನೋಡಿದೆ. ಯಾವ ಮಾದರಿಯ ಟಚ್‌ಪ್ಯಾಡಿಗೆ ಏನು ವಿಶೇಷ ಅಳತೆ ಬೇಕು ಎಂಬ ಪಟ್ಟಿ ಅದು. ಅಲ್ಲಿ ಒತ್ತಡಕ್ಕೆಂದೇ ಒಂದು ಸಾಲು, ಆ ಸಾಲಿನಲ್ಲಿ ಎರಡು ಅಂಕಿ: ಎಷ್ಟು ದಾಟಿದರೆ ಬೆರಳು, ಎಷ್ಟಕ್ಕೆ ಇಳಿದರೆ ಬೆರಳು ಎತ್ತಿದ್ದು. ಮೇಷ್ಟ್ರಿಗಾಗಿ ನಾನು ಇಳಿಸಿದ್ದು ಇಂಥವೇ ಎರಡು ಅಂಕಿಗಳನ್ನು. ವ್ಯತ್ಯಾಸ ಇಷ್ಟೇ, ಇಲ್ಲಿ ಒಬ್ಬರು ಕಂಡುಕೊಂಡ ಅಳತೆ ಮುಂದಿನ ಆವೃತ್ತಿಯಲ್ಲಿ ಆ ಮಾದರಿಯ ಎಲ್ಲರಿಗೂ ತಲುಪುತ್ತದೆ. ನಾನು ಬಿಟ್ಟುಕೊಟ್ಟ ಆಯ್ಕೆಗಳಿಗಿಂತ ಇದರ ಬೆಲೆ ದೊಡ್ಡದು.

ಲಿನಕ್ಸ್ ಬಳಸುವ ಓದುಗರಲ್ಲಿ ಒಂದು ಮಾತು. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಕ್ಲಿಕ್ ಆಗುತ್ತಿಲ್ಲವೇ? ಅದು ಕೆಟ್ಟಿಲ್ಲ. ಲಿಬ್‌ಇನ್‌ಪುಟ್ ಆ ಸೌಲಭ್ಯವನ್ನು ಸಾಮಾನ್ಯವಾಗಿ ಆಫ್ ಮಾಡಿಯೇ ಇಟ್ಟಿರುತ್ತದೆ; ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಕೊಳ್ಳಿ. ಅದರಾಚೆಗೂ ಟಚ್‌ಪ್ಯಾಡ್ ಕಾಟ ಕೊಟ್ಟರೆ, ಮೌಸ್ ಸಿಕ್ಕಿಸಿ ಸುಮ್ಮನಾಗಬೇಡಿ. ಲಿಬ್‌ಇನ್‌ಪುಟ್ ರೆಕಾರ್ಡ್ ಎಂಬ ಆದೇಶ ನಿಮ್ಮ ಬೆರಳಿನ ಚಲನೆಯನ್ನು ದಾಖಲಿಸಿಕೊಳ್ಳುತ್ತದೆ. ಆ ದಾಖಲೆಯನ್ನು ಲಿಬ್‌ಇನ್‌ಪುಟ್ ಕಟ್ಟುವವರಿಗೆ ಕಳಿಸಿಕೊಡಿ. ನಿಮ್ಮ ಹತ್ತು ನಿಮಿಷದ ಕೆಲಸದಿಂದ ಅದೇ ಲ್ಯಾಪ್‌ಟಾಪ್ ಇರುವ ಇನ್ನೊಬ್ಬ ಮೇಷ್ಟ್ರ ಬರವಣಿಗೆ ಸಲೀಸಾಗಿ ಸಾಗುತ್ತದೆ.